ಬಿಜೈಯ ಜಿಆರ್‌ಇ ವರ್ಬಲ್ ತರಗತಿ: ಹತ್ತು ವಾರಾಂತ್ಯಗಳ ಅನುಭವ

ಮಂಗಳೂರಿನ ಬಿಜೈಯಲ್ಲಿ, ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಮನೆಯೊಂದರ ಮಹಡಿಯಲ್ಲಿ, ನಿವೃತ್ತ ಇಂಗ್ಲಿಷ್ ಅಧ್ಯಾಪಕಿಯೊಬ್ಬರು ಶನಿವಾರ ಮತ್ತು ಭಾನುವಾರ ಬೆಳಿಗ್ಗೆ, ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಉನ್ನತ ವ್ಯಾಸಂಗಕ್ಕೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಯ ವರ್ಬಲ್ ಭಾಗವನ್ನಷ್ಟೇ, ಅಂದರೆ ಇಂಗ್ಲಿಷ್ ಭಾಷೆಯ ಭಾಗವನ್ನಷ್ಟೇ, ಕಲಿಸುತ್ತಾರೆ. ತರಗತಿಗೆ ಹೆಸರಿಲ್ಲ, ಗೇಟಿನಲ್ಲಿ ಫಲಕವಿಲ್ಲ, ಜಾಹೀರಾತೂ ಇಲ್ಲ. ತಮ್ಮ ಹೆಸರನ್ನಾಗಲಿ ದೂರವಾಣಿ ಸಂಖ್ಯೆಯನ್ನಾಗಲಿ ಎಲ್ಲಿಯೂ ಬರೆಯಬಾರದೆಂದು ಅವರು ಕೇಳಿಕೊಂಡಿರುವುದರಿಂದ ಇಲ್ಲಿ ಅವರನ್ನು ಮೇಡಂ ಎಂದೇ ಕರೆಯುತ್ತೇನೆ. ಕಳೆದ ವರ್ಷ ಅವರ ಬಳಿ ಹತ್ತು ವಾರಾಂತ್ಯ ಕಲಿತವಳಾಗಿ, ಕನ್ನಡ ಮಾಧ್ಯಮದಲ್ಲಿ ಓದಿ ಈ ಪರೀಕ್ಷೆಗೆ ಕೂರಲು ಹೊರಟಿರುವ ಕರಾವಳಿಯ ವಿದ್ಯಾರ್ಥಿಗಳಿಗೆ ಈ ತರಗತಿಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ವಿವರವಾಗಿ ಹೇಳಬೇಕೆನಿಸಿದೆ.

ನನ್ನ ಹಿನ್ನೆಲೆಯನ್ನು ಹೇಳದೆ ಈ ವಿಮರ್ಶೆಗೆ ಅರ್ಥವಿಲ್ಲ. ನನ್ನ ಮನೆಮಾತು ತುಳು. ಕಾರ್ಕಳ ತಾಲೂಕಿನ ಸರಕಾರಿ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಇಂಗ್ಲಿಷ್ ನನಗೆ ಪಾಠದ ಭಾಷೆಯಾದದ್ದು ಪಿಯುಸಿಯಿಂದ. ಎಂಜಿನಿಯರಿಂಗ್ ಮುಗಿಸಿ ಉಡುಪಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿ ಜಿಆರ್‌ಇ ಬರೆದಾಗ ಗಣಿತದ ಭಾಗದಲ್ಲಿ 165 ಬಂತು, ವರ್ಬಲ್‌ನಲ್ಲಿ 146. ಎರಡೂ ಭಾಗಗಳ ಅಂಕ 130ರಿಂದ 170ರವರೆಗೆ ಇರುವ ಪರೀಕ್ಷೆಯಲ್ಲಿ ಈ ಅಂತರ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಮೊದಲ ಪರೀಕ್ಷೆಗೆ ಮುನ್ನ ಬೇರೊಂದು ದೊಡ್ಡ ಕೋಚಿಂಗ್ ಸಂಸ್ಥೆಯಲ್ಲಿ ಮೂರು ತಿಂಗಳು ಕಲಿತಿದ್ದೆ. ಅಲ್ಲಿ ಸಿಕ್ಕಿದ್ದು ಮೂರೂವರೆ ಸಾವಿರ ಶಬ್ದಗಳ ಪಟ್ಟಿ, ಶಬ್ದಕ್ಕೊಂದು ಅರ್ಥ, ದಿನಕ್ಕೆ ನಲವತ್ತು ಶಬ್ದಗಳ ಬಾಯಿಪಾಠ. ಪಟ್ಟಿಯ ಮುಕ್ಕಾಲು ಭಾಗ ಕಂಠಸ್ಥವಾಗಿದ್ದರೂ ಪರೀಕ್ಷೆಯ ಪರದೆಯ ಮೇಲಿನ ವಾಕ್ಯಗಳು ನನಗೆ ಬಾಗಿಲು ತೆರೆಯಲಿಲ್ಲ. ವಿರುದ್ಧಪದ ಮತ್ತು ಸಾದೃಶ್ಯದ ಪ್ರಶ್ನೆಗಳನ್ನು 2011ರ ಆಗಸ್ಟ್‌ನಲ್ಲಿಯೇ ಈ ಪರೀಕ್ಷೆಯಿಂದ ತೆಗೆದುಹಾಕಲಾಗಿದೆ; ಒಂಟಿ ಶಬ್ದದ ಅರ್ಥ ಗೊತ್ತಿದ್ದರೆ ಅಂಕ ಬರುತ್ತಿದ್ದ ಕಾಲ ಅಂದಿಗೇ ಮುಗಿದಿತ್ತು. ಶಬ್ದಪಟ್ಟಿಯ ಮೇಲಿನ ನಂಬಿಕೆ ಮಾತ್ರ ಇನ್ನೂ ಹಾಗೆಯೇ ಉಳಿದುಬಂದಿದೆ ಎಂಬುದು ನನಗೆ ತಿಳಿದದ್ದು ಮೇಡಂ ಅವರ ತರಗತಿಗೆ ಬಂದ ಮೇಲೆ.

ಮೊದಲ ದಿನ ಅವರು ಇಂಗ್ಲಿಷ್ ಪುಸ್ತಕವನ್ನು ತೆರೆಯಲೇ ಇಲ್ಲ. ಕನ್ನಡ ದಿನಪತ್ರಿಕೆಯೊಂದರ ಸಂಪಾದಕೀಯವನ್ನು ಜೆರಾಕ್ಸ್ ಮಾಡಿಸಿ, ಅದರಲ್ಲಿ ಹದಿನೈದು ಪದಗಳ ಮೇಲೆ ಕಪ್ಪು ಶಾಯಿ ಬಳಿದು, ಹನ್ನೆರಡು ಮಂದಿಗೂ ಒಂದೊಂದು ಪ್ರತಿ ಕೊಟ್ಟರು. 'ಮಳೆ ಬರುವ ಲಕ್ಷಣಗಳೆಲ್ಲ ಕಾಣಿಸುತ್ತಿದ್ದರೂ ರೈತರು ಬಿತ್ತನೆಗೆ' ಎಂಬಲ್ಲಿಗೆ ವಾಕ್ಯ ಕಪ್ಪಾಗಿತ್ತು. ಯಾರೂ ತಡವರಿಸಲಿಲ್ಲ, ಕೆಲವರು 'ಹಿಂಜರಿದರು' ಎಂದರು, ಕೆಲವರು 'ಮುಂದಾಗಲಿಲ್ಲ' ಎಂದರು. ಆಗ ಅವರು ಕೇಳಿದ ಪ್ರಶ್ನೆ ಒಂದೇ: 'ನಿಮಗೆ ಹೇಗೆ ಗೊತ್ತಾಯಿತು?' ಅದಕ್ಕೆ ಉತ್ತರ ಹೇಳಲು ನಮಗೆ ಹತ್ತು ನಿಮಿಷ ಬೇಕಾಯಿತು. 'ಇದ್ದರೂ' ಎಂಬ ಪ್ರತ್ಯಯವೇ ಮುಂದಿನ ಮಾತು ತಿರುಗಿಬೀಳಲಿದೆ ಎಂದು ಸಾರಿಬಿಟ್ಟಿತ್ತು, ನಾವು ಅದನ್ನು ಗಮನಿಸದೆಯೇ ಪಾಲಿಸಿದ್ದೆವು. ಜಿಆರ್‌ಇಯಲ್ಲಿ ಟೆಕ್ಸ್ಟ್ ಕಂಪ್ಲೀಶನ್ ಎಂದು ಕರೆಯುವ, ಬಿಟ್ಟ ಪದ ತುಂಬುವ ಪ್ರಶ್ನೆಗಳು ಕೇಳುವುದು ಇದನ್ನೇ. ಸೆಂಟೆನ್ಸ್ ಇಕ್ವಿವಲೆನ್ಸ್ ಎಂಬ ಪ್ರಶ್ನೆಗಳಲ್ಲಿ ಆರು ಆಯ್ಕೆಗಳ ಪೈಕಿ ವಾಕ್ಯಕ್ಕೆ ಒಂದೇ ಅರ್ಥ ತರುವ ಎರಡನ್ನು ಹುಡುಕಬೇಕಾಗುತ್ತದೆ, ಹಿಂಜರಿಯುವುದು ಮತ್ತು ಮುಂದಾಗದಿರುವುದು ಆ ವಾಕ್ಯದಲ್ಲಿ ಜೋಡಿಯಾದಂತೆ. ಈ ಶಕ್ತಿ ನಮ್ಮಲ್ಲಿ ಆಗಲೇ ಇದೆ, ಬೇರೆ ಭಾಷೆಗೆ ಅದನ್ನು ದಾಟಿಸಬೇಕಷ್ಟೇ ಎಂಬ ಧೈರ್ಯ ಅಂದು ಬಂತು. ಇಂಗ್ಲಿಷ್ ನಮ್ಮದಲ್ಲ ಎಂದು ತಲೆ ತಗ್ಗಿಸಿ ಕೂರುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವನ್ನು ನಾನು ಕಂಡಿಲ್ಲ.

ಅನಂತರದ ಮೂರು ವಾರಾಂತ್ಯಗಳು ವಾಕ್ಯರಚನೆಗೇ ಮೀಸಲು, ಮತ್ತು ಈ ತರಗತಿಯ ನಿಜವಾದ ಬೆಲೆ ಇರುವುದು ಇಲ್ಲಿ. ಕನ್ನಡದಲ್ಲಿ, ತುಳುವಿನಲ್ಲಿ, ಕ್ರಿಯಾಪದ ವಾಕ್ಯದ ಕೊನೆಯಲ್ಲಿ ನಿಲ್ಲುತ್ತದೆ. ವಿಶೇಷಣಗಳೂ ಉಪವಾಕ್ಯಗಳೂ ಅದಕ್ಕಿಂತ ಮೊದಲೇ ಸಾಲುಗಟ್ಟಿ ಬರುತ್ತವೆ. ಹೀಗಾಗಿ ನಾವು ಕೊನೆಯವರೆಗೂ ಕಾಯುವ ಓದುಗರು, ತುದಿಯಲ್ಲಿ ಬರುವ ಮಾತಿಗೆ ತೂಕ ಕೊಡುವವರು. ಇಂಗ್ಲಿಷ್ ವಾಕ್ಯದಲ್ಲಾದರೋ ಮುಖ್ಯ ಮಾತು ಅನೇಕ ಸಲ ಆರಂಭದಲ್ಲಿಯೇ ಮುಗಿದುಹೋಗಿದ್ದು, ಬಳಿಕ ಬರುವುದೆಲ್ಲ ಅದಕ್ಕೆ ತಗುಲಿಸಿದ ವಿವರವಾಗಿರುತ್ತದೆ. ಅಥವಾ ಕರ್ತೃ ಒಂದು ಕಡೆ, ಕ್ರಿಯಾಪದ ಎರಡು ಸಾಲು ದಾಟಿ ಇನ್ನೊಂದು ಕಡೆ ಇರುತ್ತದೆ. ಒಬ್ಬ ಇತಿಹಾಸಕಾರರು ತಮ್ಮ ಹಳೆಯ ವಾದವನ್ನು ಈಗ ಭಾಗಶಃ ಬಿಟ್ಟುಕೊಟ್ಟಿದ್ದಾರೆ ಎಂದು ಹೇಳುವ ಉದ್ದನೆಯ ವಾಕ್ಯದ ತುದಿಯಲ್ಲಿ, ಕಿರಿಯ ವಿದ್ವಾಂಸರು ಆ ವಾದವನ್ನು ಒಪ್ಪುವುದಿಲ್ಲ ಎಂಬ ಸಣ್ಣ ತುಣುಕು ಇದ್ದರೆ, ನಾನು ಇಡೀ ವಾಕ್ಯ ಕಿರಿಯ ವಿದ್ವಾಂಸರನ್ನು ಕುರಿತದ್ದೆಂದು ಓದಿಬಿಡುತ್ತಿದ್ದೆ. ವರ್ಷಗಟ್ಟಲೆ ನನ್ನ ತಪ್ಪುಗಳಿಗೆ ಶಬ್ದಸಂಪತ್ತಿನ ಕೊರತೆಯೇ ಕಾರಣವೆಂದು ತಿಳಿದಿದ್ದೆ. ಓದುವ ಕಣ್ಣು ಬೇರೆ ಭಾಷೆಯ ನಡಿಗೆಗೆ ಪಳಗಿದೆ ಎಂದು ಯಾರೂ ತೋರಿಸಿಕೊಟ್ಟಿರಲಿಲ್ಲ.

ಇದಕ್ಕೆ ಮೇಡಂ ಹಿಡಿದ ದಾರಿ ಸರಳವಾದುದು, ಆದರೆ ಬೆವರು ಬೇಡುವಂಥದು. ಪ್ರತಿ ವಾಕ್ಯದಲ್ಲಿ ಕರ್ತೃವಿಗೆ ಒಂದು ಗೆರೆ, ಮುಖ್ಯ ಕ್ರಿಯಾಪದಕ್ಕೆ ಎರಡು ಗೆರೆ ಎಳೆಯಬೇಕು. ಬಳಿಕ ಪೆನ್ಸಿಲ್ ಕೆಳಗಿಟ್ಟು, ಬರೆದವರು ಏನು ಹೇಳುತ್ತಿದ್ದಾರೆಂಬುದನ್ನು ಒಂದೇ ಸಾಲಿನಲ್ಲಿ ತನ್ನ ಮಾತಿನಲ್ಲಿ ಹೇಳಬೇಕು. ಆ ಮಾತು ಕನ್ನಡವಾಗಬಹುದು, ತುಳುವಾಗಬಹುದು, ಕೊಂಕಣಿಯೋ ಬ್ಯಾರಿಯೋ ಆಗಬಹುದು. ನಮ್ಮ ಗುಂಪಿನಲ್ಲಿ ಈ ನಾಲ್ಕೂ ಇದ್ದವು, ಮತ್ತು ಒಂದೇ ಇಂಗ್ಲಿಷ್ ವಾಕ್ಯದ ತಿರುಳನ್ನು ನಾಲ್ಕು ಭಾಷೆಗಳಲ್ಲಿ ಕೇಳಿದಾಗ ಯಾರು ತಿರುಳನ್ನು ಹಿಡಿದಿದ್ದಾರೆ, ಯಾರು ಪದಗಳನ್ನಷ್ಟೇ ಹಿಡಿದಿದ್ದಾರೆ ಎಂಬುದು ತಟ್ಟನೆ ಗೊತ್ತಾಗುತ್ತಿತ್ತು. ಪದಕ್ಕೆ ಪದ ಇಟ್ಟು ಅನುವಾದಿಸುವುದನ್ನು ಅವರು ಖಂಡಿತವಾಗಿ ತಡೆಯುತ್ತಿದ್ದರು. ಆರನೆಯ ವಾರದಿಂದ ಸ್ವಂತ ಭಾಷೆಯಲ್ಲಿ ಹೇಳುವುದನ್ನೂ ನಿಲ್ಲಿಸಿ ಇಂಗ್ಲಿಷಿನಲ್ಲಿಯೇ ಹೇಳಬೇಕೆಂದರು. ಕೆಲವರಿಗೆ ಇದು ಕಠಿಣವೆನಿಸಿತು, ನನಗಂತೂ ಎರಡು ವಾರ ಕೈಕಾಲು ಆಡಲಿಲ್ಲ. ಆದರೆ ಅದು ಸರಿಯಾದ ನಿರ್ಧಾರ, ಏಕೆಂದರೆ ಒಂದು ಪ್ರಶ್ನೆಗೆ ಸರಾಸರಿ ಒಂದೂವರೆ ನಿಮಿಷವಷ್ಟೇ ಇರುವ ಪರೀಕ್ಷೆಯಲ್ಲಿ ಮನಸ್ಸಿನೊಳಗೆ ಎರಡು ಭಾಷೆಗಳ ನಡುವೆ ಓಡಾಡಲು ಸಮಯವಿರುವುದಿಲ್ಲ.

ಶಬ್ದಗಳ ವಿಷಯದಲ್ಲಿ ಅವರ ಆಯ್ಕೆ ನನ್ನನ್ನು ಬೆರಗುಗೊಳಿಸಿತು. ಮೊದಲು ಕೈಗೆತ್ತಿಕೊಂಡದ್ದು 'ಬಟ್' ಎಂಬ ಚಿಕ್ಕ ಪದ. 'ನಥಿಂಗ್ ಬಟ್' ಎಂದರೆ ಅದೊಂದೇ, ಬೇರೇನೂ ಅಲ್ಲ. 'ಎನಿಥಿಂಗ್ ಬಟ್' ಎಂದರೆ ಅದೊಂದು ಮಾತ್ರ ಅಲ್ಲವೇ ಅಲ್ಲ. 'ಆಲ್ ಬಟ್' ಎಂದರೆ ಹೆಚ್ಚುಕಡಿಮೆ ಹಾಗೆಯೇ. ಒಂದು ಪುಸ್ತಕ 'ಆಲ್ ಬಟ್ ಫರ್ಗಾಟನ್' ಆಗಿದೆ ಎಂದಾಗ ಅದನ್ನು ಜನ ಬಹುಮಟ್ಟಿಗೆ ಮರೆತಿದ್ದಾರೆ ಎಂದರ್ಥ. ನಾನು ಅದನ್ನು ಮರೆತಿಲ್ಲವೆಂದೇ ಓದುತ್ತಿದ್ದೆ. ಮೂರೂವರೆ ಸಾವಿರ ಶಬ್ದಗಳ ಆ ಹಳೆಯ ಪಟ್ಟಿಯಲ್ಲಿ ಇಂಥದೊಂದೂ ಇರಲಿಲ್ಲ, ಏಕೆಂದರೆ ಇವು ಕಷ್ಟದ ಶಬ್ದಗಳೆಂದು ಯಾರಿಗೂ ತೋರುವುದಿಲ್ಲ.

ಬಳಿಕ ಬಂದವು ನಮಗೆ ಗೊತ್ತಿದೆಯೆಂದು ನಾವು ನಂಬಿಕೊಂಡ ಶಬ್ದಗಳು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ನಾಟಕ ಬ್ಯಾಂಕ್ ಹುಟ್ಟಿದ ಈ ಸೀಮೆಯಲ್ಲಿ 'ಸ್ಯಾಂಕ್ಷನ್' ಎಂದರೆ ಸಾಲ ಮಂಜೂರಾಯಿತೆಂದು ಮಕ್ಕಳಿಗೂ ಗೊತ್ತು. ಅದೇ ಶಬ್ದಕ್ಕೆ ದಂಡನೆ, ನಿರ್ಬಂಧ ಎಂಬ ಅರ್ಥವೂ ಇದೆ, ಮತ್ತು ಪರೀಕ್ಷೆಯ ವಾಕ್ಯ ಯಾವುದನ್ನು ಬೇಡುತ್ತಿದೆ ಎಂಬುದನ್ನು ಸುತ್ತಲಿನ ಪದಗಳಿಂದಲೇ ತಿಳಿಯಬೇಕು. 'ಕ್ವಾಲಿಫೈ' ಎಂದರೆ ಅರ್ಹತೆ ಗಳಿಸುವುದಷ್ಟೇ ಅಲ್ಲ, ಒಂದು ಹೇಳಿಕೆಯನ್ನು ಷರತ್ತು ಹಾಕಿ ಮಿತಗೊಳಿಸುವುದೂ ಹೌದು. ಲೇಖಕರ ಧೋರಣೆಯನ್ನು ಕೇಳುವ ಪ್ರಶ್ನೆಗಳಲ್ಲಿ ಈ ಎರಡನೆಯ ಅರ್ಥ ಮತ್ತೆ ಮತ್ತೆ ಎದುರಾಗುತ್ತದೆ. 'ಆರ್ಟ್‌ಲೆಸ್' ಎಂಬುದು ಬೈಗುಳವಲ್ಲ, ಕಪಟವಿಲ್ಲದ ಸಹಜತೆ. 'ವಾಂಟಿಂಗ್' ಎಂದರೆ ಬಯಸುವುದಲ್ಲ, ಕೊರತೆಯಿರುವುದು. ಹೊಸ ಶಬ್ದ ಎದುರಾದಾಗ ಓದುಗರು ಎಚ್ಚರದಿಂದಿರುತ್ತಾರೆ. ಹಳೆಯ ಪರಿಚಯವಿರುವ ಶಬ್ದವೇ ದಾರಿ ತಪ್ಪಿಸುವುದು. ಹತ್ತು ವಾರಗಳಲ್ಲಿ ಒಟ್ಟು ನಾನೂರರಷ್ಟು ಶಬ್ದಗಳನ್ನು ಮಾತ್ರ ಕಲಿಸಿದರು, ಪ್ರತಿಯೊಂದನ್ನೂ ಓದಿದ ವಾಕ್ಯದೊಳಗಿನಿಂದಲೇ ಎತ್ತಿಕೊಂಡು.

ಲ್ಯಾಟಿನ್ ಧಾತುಗಳಿಂದ ಶಬ್ದಗಳ ಅರ್ಥ ಊಹಿಸುವ ವಿಧಾನವನ್ನು ಅವರು ಕಲಿಸಿದರೂ, ಅದಕ್ಕೆ ಮಿತಿ ಹಾಕಿದರು. ಆಹಾರ, ವಿಹಾರ, ಸಂಹಾರ, ಪರಿಹಾರ ಎಂಬಲ್ಲಿ ಉಪಸರ್ಗ ಬದಲಾದಂತೆ ಅರ್ಥವೂ ಬದಲಾಗುವುದನ್ನು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಉಪಸರ್ಗದ ಅರ್ಥವೊಂದನ್ನೇ ಹಿಡಿದು ಹೊರಟವರಿಗೆ ಪರಿಹಾರದ ಅರ್ಥ ಹೊಳೆಯುವುದಿಲ್ಲ. ಹಾಗೆಯೇ 'ಎನರ್ವೇಟ್' ಎಂಬುದರಲ್ಲಿ ಎನರ್ಜಿಯ ಸದ್ದು ಕೇಳಿ ಹುರುಪು ತುಂಬುವುದೆಂದು ಊಹಿಸಿದರೆ ಉತ್ತರ ತಿರುಗುಮುರುಗಾಗುತ್ತದೆ, ಅದರ ಅರ್ಥ ನಿತ್ರಾಣಗೊಳಿಸುವುದು.

ಅವರ ಕಪಾಟಿನಲ್ಲಿ ಕಿಟೆಲ್ ಅವರ ಕನ್ನಡ ಇಂಗ್ಲಿಷ್ ನಿಘಂಟಿನ ಮರುಮುದ್ರಣವಿದೆ. ಶಬ್ದಗಳ ಛಾಯೆಗಳನ್ನು ತೋರಿಸಬೇಕಾದಾಗ ಅದನ್ನು ಇಳಿಸಿ ಮೇಜಿನ ಮೇಲಿಡುತ್ತಿದ್ದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಆ ನಿಘಂಟನ್ನು ಸಿದ್ಧಪಡಿಸಿದ ಫರ್ಡಿನಾಂಡ್ ಕಿಟೆಲ್ ಅವರಿಗೆ ಕನ್ನಡವೂ ಮಾತೃಭಾಷೆಯಲ್ಲ, ಇಂಗ್ಲಿಷೂ ಅಲ್ಲ, ಅವರು ಜರ್ಮನ್ನರು. ಇದನ್ನು ಮೇಡಂ ಒಮ್ಮೆ ಮಾತ್ರ, ಪುಟ ತಿರುಗಿಸುತ್ತಾ, ಮಾತಿನ ಮಧ್ಯೆ ಹೇಳಿದ್ದು. ಬಲ್ಮಠದ ದಾರಿಯಲ್ಲಿ ಎಷ್ಟು ಬಾರಿ ಓಡಾಡಿದ್ದರೂ ಅಲ್ಲಿನ ಬಾಸೆಲ್ ಮಿಶನ್ನಿನ ಹಳೆಯ ಮುದ್ರಣಾಲಯಕ್ಕೂ ನನ್ನ ವರ್ಬಲ್ ಅಂಕಕ್ಕೂ ಸಂಬಂಧವಿದ್ದೀತೆಂದು ನನಗೆ ಹೊಳೆದಿರಲಿಲ್ಲ. ಅಂದಿನಿಂದ ಯಾವ ಕಷ್ಟದ ಶಬ್ದ ಬಂದರೂ ಕನ್ನಡದಲ್ಲಿ ಅದಕ್ಕೆ ಹತ್ತಿರದ ಎರಡು ಪದಗಳನ್ನು ಹುಡುಕಿ, ಅವೆರಡರ ನಡುವಿನ ಅಂತರವನ್ನು ಬರೆದಿಡುವ ಅಭ್ಯಾಸ ನನಗೆ ಬಂತು.

ಇನ್ನು ಕೊರತೆಗಳು. ವರ್ಬಲ್ ಭಾಗದ ಸುಮಾರು ಅರ್ಧದಷ್ಟು ಪ್ರಶ್ನೆಗಳು ಗದ್ಯಭಾಗಗಳನ್ನು ಓದಿ ಉತ್ತರಿಸುವಂಥವು. ಆ ಗದ್ಯಭಾಗಗಳು ಸಾಹಿತ್ಯ, ಇತಿಹಾಸಗಳಿಂದ ಬರುವಂತೆಯೇ ಜೀವವಿಜ್ಞಾನ, ಭೌತವಿಜ್ಞಾನ, ಅರ್ಥಶಾಸ್ತ್ರಗಳಿಂದಲೂ ಬರುತ್ತವೆ. ಮೇಡಂ ಸಾಹಿತ್ಯ ಕಲಿಸಿದವರು. ಅವರು ಆರಿಸುವ ಗದ್ಯಭಾಗಗಳು ಬಹುತೇಕ ಕಾದಂಬರಿ ವಿಮರ್ಶೆ, ಮಹಿಳಾ ಇತಿಹಾಸ, ಕಲೆಯ ಚರ್ಚೆ. ಪ್ರಭೇದಗಳ ವಿಕಾಸವನ್ನೋ ಶಿಲಾಪದರಗಳನ್ನೋ ಕುರಿತ ಗದ್ಯ ಹತ್ತು ವಾರಗಳಲ್ಲಿ ಮೂರೋ ನಾಲ್ಕೋ ಬಂದಿರಬಹುದು. ಎಂಜಿನಿಯರ್‌ಗಳಿಗೆ ವಿಜ್ಞಾನದ ಗದ್ಯ ಸುಲಭವೆಂಬ ಅವರ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ವಿಷಯ ಪರಿಚಿತವಾದಾಗ ನಾವು ಗದ್ಯದಲ್ಲಿ ಇರುವುದನ್ನು ಬಿಟ್ಟು ನಮಗೆ ಗೊತ್ತಿರುವುದನ್ನು ಉತ್ತರಿಸಲು ಹೊರಡುತ್ತೇವೆ, ಮತ್ತು ಈ ಪರೀಕ್ಷೆಯಲ್ಲಿ ಉತ್ತರ ಗದ್ಯದೊಳಗೇ ಇರಬೇಕು. ವಿಜ್ಞಾನದ ಗದ್ಯಗಳನ್ನು ನೀವೇ ಹುಡುಕಿ ಓದಿಕೊಳ್ಳಬೇಕಾಗುತ್ತದೆ.

ಎರಡನೆಯ ಕೊರತೆ ಕಂಪ್ಯೂಟರ್ ಅಭ್ಯಾಸದ್ದು. ತರಗತಿ ಪೂರ್ತಿ ಕಾಗದ ಮತ್ತು ಪೆನ್ಸಿಲ್‌ನಲ್ಲಿ ನಡೆಯುತ್ತದೆ. 2023ರ ಸೆಪ್ಟೆಂಬರ್ 22ರಿಂದ ಜಿಆರ್‌ಇ ಮೊದಲಿಗಿಂತ ಮೊಟಕಾಗಿ, ಒಟ್ಟು ಒಂದು ಗಂಟೆ 58 ನಿಮಿಷಗಳಲ್ಲಿ ಮುಗಿಯುತ್ತದೆ. ವರ್ಬಲ್‌ನ ಮೊದಲ ವಿಭಾಗದಲ್ಲಿ 18 ನಿಮಿಷಕ್ಕೆ 12 ಪ್ರಶ್ನೆಗಳು, ಎರಡನೆಯದರಲ್ಲಿ 23 ನಿಮಿಷಕ್ಕೆ 15 ಪ್ರಶ್ನೆಗಳು. ಮೊದಲ ವಿಭಾಗವನ್ನು ಹೇಗೆ ಬರೆದಿದ್ದೀರಿ ಎಂಬುದರ ಮೇಲೆ ಎರಡನೆಯದರ ಕಾಠಿಣ್ಯ ನಿರ್ಧಾರವಾಗುವುದರಿಂದ ಮೊದಲ ಹನ್ನೆರಡು ಪ್ರಶ್ನೆಗಳಲ್ಲಿ ಅವಸರ ಮಾಡುವಂತಿಲ್ಲ, ಸಮಯ ಮೀರುವಂತೆಯೂ ಇಲ್ಲ. ಒಂದು ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗಿ, ಅದೇ ವಿಭಾಗದೊಳಗೆ ಮರಳಿ ಬರುವ ಅನುಕೂಲ ಪರೀಕ್ಷೆಯಲ್ಲಿದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ಇವನ್ನೆಲ್ಲ ಮೇಡಂ ಬಾಯಲ್ಲಿ ಹೇಳುತ್ತಾರೆ, ಆದರೆ ಹೇಳಿ ಕೇಳಿ ಬರುವ ವಿದ್ಯೆಯಲ್ಲ ಇದು. ಪರೀಕ್ಷೆ ನಡೆಸುವ ಇಟಿಎಸ್ ಉಚಿತವಾಗಿ ಕೊಡುವ ಎರಡು ಪವರ್‌ಪ್ರೆಪ್ ಮಾದರಿ ಪರೀಕ್ಷೆಗಳನ್ನು ನಾನು ಮನೆಯಲ್ಲಿಯೇ ಬರೆದೆ, ಒಂದನ್ನು ತರಗತಿ ಆರಂಭವಾಗುವ ಮುನ್ನ, ಇನ್ನೊಂದನ್ನು ನಿಜವಾದ ಪರೀಕ್ಷೆಗೆ ಹತ್ತು ದಿನ ಮೊದಲು. ನಿಜವಾದ ಪರೀಕ್ಷೆಗೆ ಇದಕ್ಕಿಂತ ಹತ್ತಿರದ ಉಚಿತ ಅಭ್ಯಾಸ ನನಗೆ ಬೇರೆಲ್ಲೂ ಸಿಗಲಿಲ್ಲ; ಅವೆರಡನ್ನೂ ಮೊದಲ ವಾರದಲ್ಲಿಯೇ ಮುಗಿಸಿಬಿಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಮೂವತ್ತು ನಿಮಿಷದ ಪ್ರಬಂಧಕ್ಕೆ ಅವರು ಒಂದೇ ವಾರಾಂತ್ಯ ಕೊಡುತ್ತಾರೆ. ನನಗೆ ಅದು ಸಾಕಾಯಿತು.

ಶುಲ್ಕ ಒಂಬತ್ತು ಸಾವಿರ ರೂಪಾಯಿ, ಎರಡು ಕಂತುಗಳಲ್ಲಿ ಕೊಡಬಹುದು. ಒಂದು ಗುಂಪಿಗೆ ಹನ್ನೆರಡು ಮಂದಿಗಿಂತ ಹೆಚ್ಚು ಸೇರಿಸಿಕೊಳ್ಳುವುದಿಲ್ಲ. ತರಗತಿ ಬೆಳಿಗ್ಗೆ ಎಂಟೂವರೆಗೆ ಆರಂಭವಾಗುತ್ತದೆ. ಉಡುಪಿಯಿಂದ ಬರುವ ನಾನು ಆರೂವರೆಯ ಎಕ್ಸ್‌ಪ್ರೆಸ್ ಬಸ್ ಹಿಡಿದು ಮಂಗಳೂರಿನ ಲಾಲ್‌ಬಾಗ್‌ನಲ್ಲಿ ಇಳಿದು ನಡೆಯುತ್ತಿದ್ದೆ, ಆದರೆ ಕುಂದಾಪುರದ ಗೆಳತಿಯೊಬ್ಬಳು ಈ ಸಮಯ ಹೊಂದದೆ ನಾಲ್ಕನೆಯ ವಾರಕ್ಕೆ ಬಿಟ್ಟಳು. ಒಂದು ಗಂಟೆ ತಡವಾಗಿ ಆರಂಭಿಸಿದರೆ ಉಡುಪಿ ಜಿಲ್ಲೆಯ ಎಷ್ಟೋ ಮಂದಿಗೆ ಉಪಕಾರವಾದೀತು. ಇದನ್ನು ಮೇಡಂಗೂ ಹೇಳಿದ್ದೇನೆ. ಮಹಡಿಗೆ ಹೊದೆಸಿರುವುದು ತಗಡಿನ ಶೀಟು. ಜುಲೈಯ ಮಳೆ ಜೋರಾಗಿ ಹೊಡೆದಾಗ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಒಂದು ಮಾತೂ ಕೇಳಿಸುವುದಿಲ್ಲ, ಆದ್ದರಿಂದ ಬೇಗ ಬಂದು ಮುಂದೆ ಕುಳಿತುಕೊಳ್ಳಿ. ತಪ್ಪಿದ ತರಗತಿಯ ಧ್ವನಿಮುದ್ರಣ ಸಿಗುವುದಿಲ್ಲ, ಆದರೆ ಮುಂದಿನ ಶನಿವಾರ ಅರ್ಧ ಗಂಟೆ ಮೊದಲು ಹೋದರೆ ಅವರು ಮತ್ತೆ ವಿವರಿಸುತ್ತಾರೆ.

ನನ್ನ ಎರಡನೆಯ ಪರೀಕ್ಷೆಯಲ್ಲಿ ವರ್ಬಲ್ ಅಂಕ 157ಕ್ಕೆ ಬಂತು. ಹನ್ನೊಂದು ಅಂಕಗಳ ಈ ಏರಿಕೆಯಲ್ಲಿ ತರಗತಿಯ ಪಾಲು ಎಷ್ಟು, ದಿನವೂ ಬಸ್ಸಿನಲ್ಲಿ ಓದಿದ ಓದಿನ ಪಾಲು ಎಷ್ಟು ಎಂದು ಬೇರ್ಪಡಿಸಿ ಹೇಳಲಾರೆ. ಬಸ್ಸಿನಲ್ಲಿ ಹೇಗೆ ಓದಬೇಕೆಂದು ಕಲಿಸಿದವರೂ ಅವರೇ. ವರ್ಬಲ್‌ನಲ್ಲಿ ಈಗಾಗಲೇ 160ರ ಆಸುಪಾಸಿನಲ್ಲಿರುವವರಿಗೆ ಈ ತರಗತಿಯ ಮೊದಲ ನಾಲ್ಕು ವಾರಗಳು ನಿಧಾನವೆನಿಸಬಹುದು, ಅವರಿಗೆ ಮಾದರಿ ಪರೀಕ್ಷೆಗಳೂ ವಿಜ್ಞಾನದ ಗದ್ಯಗಳೂ ಹೆಚ್ಚು ಉಪಯುಕ್ತ. ಒಂದು ತಿಂಗಳಲ್ಲಿ ಪರೀಕ್ಷೆ ಇಟ್ಟುಕೊಂಡವರು ಸೇರಬೇಡಿ, ಈ ಕಲಿಕೆ ಅಷ್ಟು ಬೇಗ ಕೈಗೂಡುವುದಿಲ್ಲ. ಪರೀಕ್ಷೆಯನ್ನು 21 ದಿನಗಳ ಅಂತರದಲ್ಲಿ ಮತ್ತೆ ಬರೆಯಬಹುದಾದರೂ ನಾನು ಎರಡರ ನಡುವೆ ಏಳು ತಿಂಗಳು ಬಿಟ್ಟಿದ್ದೆ, ಆ ಬಿಡುವು ವ್ಯರ್ಥವಾಗಲಿಲ್ಲ. 145ರಿಂದ 152ರ ನಡುವೆ ಸಿಕ್ಕಿಹಾಕಿಕೊಂಡು, ಇನ್ನಷ್ಟು ಶಬ್ದಗಳನ್ನು ಬಾಯಿಪಾಠ ಮಾಡಬೇಕೇನೋ ಎಂದು ಯೋಚಿಸುತ್ತಿರುವವರಿಗೆ ಇದು ತಕ್ಕ ಜಾಗ.

ಮುಂದಿನ ಗುಂಪು ಕುದ್ರೋಳಿಯ ದಸರಾ ಮುಗಿದ ಮರುವಾರ ಆರಂಭವಾಗುತ್ತದೆ ಎಂದು ತಿಳಿಸಿದ್ದಾರೆ. ಮಂಗಳೂರು, ಮಣಿಪಾಲ, ಸುರತ್ಕಲ್‌ನ ಕಾಲೇಜುಗಳಲ್ಲಿ ಹಿರಿಯ ವಿದ್ಯಾರ್ಥಿಗಳನ್ನು ವಿಚಾರಿಸಿದರೆ ಮನೆಯ ದಾರಿ ಹೇಳುತ್ತಾರೆ. ಮೊದಲ ದಿನ ಎರಡು ಪೆನ್ಸಿಲ್, ಒಂದು ರಬ್ಬರ್ ಮತ್ತು ಆ ದಿನದ ಕನ್ನಡ ಪತ್ರಿಕೆ ತನ್ನಿ.